ಬಚ್ಚಲೊಲೆಗೆ ಹೋಗುವ ಕಸ

ಹಬ್ಬಕ್ಕೆ ಊರಿಗೆ ಹೋಗಿ ಬಂದ ಗೆಳೆಯರ ಸ್ಟೇಟಸ್ಸಿನಲ್ಲಿ ಈಗೀಗ ಒಂದು ಫೋಟೋ ಖಾಯಂ. ಹಳ್ಳದ ದಂಡೆ, ಅಲ್ಲಿ ಗುಟ್ಕಾ ಚೀಟು, ಚಿಪ್ಸ್ ಪ್ಯಾಕೆಟ್ಟು. ಕೆಳಗೆ ಒಂದು ಸಾಲು: 'ನಮ್ಮ ಜನಕ್ಕೆ ಯಾವಾಗ ಬುದ್ಧಿ ಬರುತ್ತೋ!' ಈ 'ನಮ್ಮ ಜನ'ದಲ್ಲಿ ಫೋಟೋ ತೆಗೆದವರು ಮಾತ್ರ ಯಾವತ್ತೂ ಇರಲ್ಲ, ಗಮನಿಸಿದ್ದೀರಾ?

ನನ್ನ ತಕರಾರು ಇಷ್ಟೇ. ಹಳ್ಳಿಯಲ್ಲಿ ಇಲ್ಲದಿರುವುದು ಬುದ್ಧಿ ಅಲ್ಲ, ಕಸ ಹೊರಗೆ ಹೋಗುವ ದಾರಿ.

ನಾನು ಸಾಗರದ ಕಡೆಯವನು. ನಮ್ಮ ಕಡೆ ಮನೆಗಳಲ್ಲಿ ಎಸೆಯುವುದಕ್ಕೆ ಅಂತ ಹೆಚ್ಚೇನೂ ಇರ್ತಿರಲಿಲ್ಲ. ತರಕಾರಿ ಸಿಪ್ಪೆ, ಅಕ್ಕಿ ತೊಳೆದ ನೀರು ಕಲಗಚ್ಚಾಗಿ ಕೊಟ್ಟಿಗೆಗೆ. ಸಗಣಿ, ಸೊಪ್ಪು ಗೊಬ್ಬರಗುಂಡಿಗೆ, ಅಲ್ಲಿಂದ ತೋಟಕ್ಕೆ. ತೆಂಗಿನ ಚಿಪ್ಪು ಬಚ್ಚಲೊಲೆಗೆ, ಒಲೆಯ ಬೂದಿ ಪಾತ್ರೆ ತಿಕ್ಕೋಕೆ, ಉಳಿದದ್ದು ಗಿಡದ ಬುಡಕ್ಕೆ. ನಾವು ವೀಕೆಂಡ್ ವರ್ಕ್‌ಶಾಪಿಗೆ ದುಡ್ಡು ಕೊಟ್ಟು ಕಲಿಯುವ 'ಜೀರೋ ವೇಸ್ಟ್'ಗೆ ಅಂಥದ್ದೊಂದು ಹೆಸರಿದೆ ಅನ್ನೋದೇ ಅಜ್ಜಿಗೆ ಗೊತ್ತಿರಲಿಲ್ಲ. (ಆ ಕಾಲ ಸ್ವರ್ಗವಾಗಿತ್ತು ಅಂತಲ್ಲ. ಆ ಕೆಲಸವೆಲ್ಲ ಬೀಳ್ತಿದ್ದದ್ದು ಹೆಂಗಸರ ಮೇಲೆ, ಆಳುಗಳ ಮೇಲೆ.) ಅಂಥವರಿಗೆ ಹೋಗಿ ಕಾಂಪೋಸ್ಟ್ ಬಗ್ಗೆ 'ಜಾಗೃತಿ ಮೂಡಿಸ್ತೀವಿ' ಅನ್ನುವುದಕ್ಕೆ ಸ್ವಲ್ಪ ಧೈರ್ಯವೇ ಬೇಕು.

ಆ ವ್ಯವಸ್ಥೆಯನ್ನು ಕೆಡಿಸಿದ್ದು ಅಂಗಡಿಯ ಬಾಗಿಲಲ್ಲಿ ತೋರಣದ ಹಾಗೆ ನೇತಾಡುವ ಸರ. ಒಂದು ರೂಪಾಯಿ ಶಾಂಪೂ, ಐದು ರೂಪಾಯಿ ಚಿಪ್ಸ್. ಕಬ್ಬಿಣ, ರಟ್ಟು, ನೀರಿನ ಬಾಟಲಿಗೆ ಗುಜರಿಯವರು ಬರ್ತಾರೆ, ಚೌಕಾಸಿ ಮಾಡಿಯಾದರೂ ಒಯ್ತಾರೆ. ಈ ಹೊಳೆಯುವ ಪ್ಯಾಕೆಟ್ಟನ್ನು ಮಾತ್ರ ಮುಟ್ಟಲ್ಲ. ಪ್ಲಾಸ್ಟಿಕ್ಕಿಗೂ ಅಲ್ಯೂಮಿನಿಯಮ್ಮಿಗೂ ಅಂಟಿಸಿ ಮಾಡಿದ ಪದರಗಳನ್ನು ಬಿಡಿಸಿ ಮತ್ತೆ ಬಳಸುವುದು ಯಾರಿಗೂ ಗಿಟ್ಟುವುದಿಲ್ಲ. ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಬಹುದು. ಸಾಗರದಿಂದ ಕಲಬುರಗಿ ಕಡೆಯ ಸಿಮೆಂಟ್ ಕಾರ್ಖಾನೆಗೆ ಲಾರಿ ಬಾಡಿಗೆ ಎಷ್ಟು, ನೀವೇ ಲೆಕ್ಕ ಹಾಕಿ.

ಹಾಗಾದರೆ ಅದೆಲ್ಲ ಎಲ್ಲಿಗೆ ಹೋಗುತ್ತೆ? ಬಚ್ಚಲೊಲೆಗೆ. ಮಳೆಗಾಲದಲ್ಲಿ ಸೌದೆ ಹಸಿ ಇರುತ್ತೆ, ಸೀಮೆಎಣ್ಣೆ ಸಿಗಲ್ಲ. ಎರಡು ಕವರ್ ತುರುಕಿ ಕಡ್ಡಿ ಗೀರಿದರೆ ಪಟ್ಟನೆ ಹತ್ತಿಕೊಳ್ಳುತ್ತೆ. ಹಂಡೆ ನೀರೂ ಕಾಯ್ತು, ಕಸವೂ ಮುಗೀತು. ಒಲೆ ಊದುವವರು ಯಾರು? ಅಮ್ಮ, ಅತ್ತೆ, ಚಿಕ್ಕಮ್ಮ. ಕಡಿಮೆ ಬಿಸಿಯಲ್ಲಿ ಪ್ಲಾಸ್ಟಿಕ್ ಸುಟ್ಟರೆ ವಿಷದ ಹೊಗೆ. ಪಿವಿಸಿಯಂಥದ್ದು ಸೇರಿದ್ದರೆ ಡಯಾಕ್ಸಿನ್ ಕೂಡ. ಅದು ಮುಖಕ್ಕೇ ಹೊಡೆಯುತ್ತೆ. ಬೆಳಗಿನ ಜಾವ ಎದ್ದು ನಮ್ಮ ಸ್ನಾನಕ್ಕೆ ಅಂತ ಅವರು ಹೊತ್ತಿಸುವ ಒಲೆ ಅದು. ಆಮೇಲೆ ಅದೇ ಬೂದಿ ಬಸಳೆ ಬುಡಕ್ಕೆ. ಮೊಮ್ಮಗು ಬಂದಾಗ ಡಯಾಪರ್‌ಗಳ ರಾಶಿ ಬೇರೆ. ಅದು ಉರಿಯುವುದೂ ಇಲ್ಲ, ತೋಟದ ಮೂಲೆಯಲ್ಲಿ ಹೂತರೆ ನಾಯಿ ಬಿಡುವುದಿಲ್ಲ.

'ಪಂಚಾಯ್ತಿ ಗಾಡಿ ಬರುತ್ತಲ್ಲ?' ಅಂತೀರಿ. ಬರುತ್ತೆ. ಸ್ವಚ್ಛ ಭಾರತ ಗ್ರಾಮೀಣದ ಎರಡನೇ ಹಂತ 2020ರಲ್ಲಿ ಶುರುವಾಯ್ತು. ಅದರ ಮಾರ್ಗಸೂಚಿ ಪ್ರಕಾರ 5,000 ಜನಸಂಖ್ಯೆಯವರೆಗಿನ ಹಳ್ಳಿಗೆ ಘನತ್ಯಾಜ್ಯಕ್ಕೆ ತಲಾ 60 ರೂಪಾಯಿ. ವರ್ಷಕ್ಕಲ್ಲ, ಒಂದೇ ಸಲ! ಅದರಲ್ಲಿ ಶೆಡ್ಡು ಏಳುತ್ತೆ, ಗಾಡಿ ಬರುತ್ತೆ, ಉದ್ಘಾಟನೆಯ ಫೋಟೋನೂ ಬರುತ್ತೆ. ಡೀಸೆಲ್ಲು, ಗಾಡಿ ಓಡಿಸುವ ಹೆಂಗಸರ ಸಂಬಳ ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಮಲೆನಾಡಿನ ಹಳ್ಳಿ ಅಂದರೆ ಬಯಲುಸೀಮೆಯ ಹಾಗೆ ಒತ್ತೊತ್ತಾಗಿ ಮನೆಗಳಿರೋ ಬೀದಿಯಲ್ಲ. ಗುಡ್ಡದಾಚೆ ಒಂದು ಮನೆ, ತೋಟದ ತಲೆಯಲ್ಲಿ ಇನ್ನೊಂದು. ಗಾಡಿ ಡಾಂಬರು ರಸ್ತೆಯಲ್ಲಿ ಹಾಡು ಹಾಕ್ಕೊಂಡು ಹೋಗುತ್ತೆ. ಆ ಹಾಡು ಕೇಳಿ ಚೀಲ ಹೊತ್ತು ಒಂದು ಕಿಲೋಮೀಟರು ಏರು ಹತ್ತಲು ಎಪ್ಪತ್ತು ದಾಟಿದ ಅಪ್ಪನಿಗೆ ಆಗುತ್ತಾ?

ಆಗದ ಕೆಲಸ ಏನಲ್ಲ ಇದು. ಉಡುಪಿ ಜಿಲ್ಲೆಯ ವಂಡ್ಸೆ ಪಂಚಾಯ್ತಿ ಮನೆಮನೆಯಿಂದ ಕಸ ತಂದು ಬಗೆಬಗೆಯಾಗಿ ವಿಂಗಡಿಸಿ ಹೆಸರು ಮಾಡಿದೆ. ಕಾರ್ಕಳದ ನಿಟ್ಟೆಯಲ್ಲಿ ಹತ್ತಾರು ಪಂಚಾಯ್ತಿಗಳ ಒಣಕಸಕ್ಕೆ ದಿನಕ್ಕೆ 10 ಟನ್ ಸಾಮರ್ಥ್ಯದ ಘಟಕವಿದೆ. ಒಂದೊಂದೇ ಪಂಚಾಯ್ತಿ ಅರ್ಧ ಚೀಲ ಪ್ಲಾಸ್ಟಿಕ್ ಇಟ್ಕೊಂಡು ಕೂತರೆ ಯಾವ ಲಾರಿಯೂ ಬರಲ್ಲ. ಕೂಡಿಸಿದರೆ ಬರುತ್ತೆ. ಕೇರಳದಲ್ಲಿ ಹರಿತ ಕರ್ಮ ಸೇನೆಯ ಹೆಂಗಸರು ಮನೆಬಾಗಿಲಿಗೇ ಹೋಗಿ ಪ್ಲಾಸ್ಟಿಕ್ ಒಯ್ತಾರೆ, ಹಳ್ಳಿಯಲ್ಲಿ ಮನೆಗೆ ತಿಂಗಳಿಗೆ 50 ರೂಪಾಯಿ.

ಇನ್ನು ಪ್ಯಾಕೆಟ್ ಮಾಡಿದವರ ಜವಾಬ್ದಾರಿ. ಕಾನೂನು ಇದೆ. ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್ಕಿನ ತೂಕಕ್ಕೆ ಲೆಕ್ಕ ಒಪ್ಪಿಸಬೇಕು, ಸರ್ಟಿಫಿಕೇಟ್ ತೋರಿಸಬೇಕು. ಆದರೆ ಹಳ್ಳಿಯಲ್ಲಿ ಮಾರಿದ್ದನ್ನು ಹಳ್ಳಿಯಿಂದಲೇ ಎತ್ತಬೇಕು ಅನ್ನುವ ಕಟ್ಟು ಅದರಲ್ಲಿಲ್ಲ. ಪಟ್ಟಣದಲ್ಲಿ ಸಲೀಸಾಗಿ ಸಿಕ್ಕಿದ್ದನ್ನು ಆರಿಸಿದರೂ ಲೆಕ್ಕ ಸರಿಹೋಗುತ್ತೆ. ಘಟ್ಟದ ಮೇಲಿನ ಗೂಡಂಗಡಿಗೂ ಮಾಲು ತಲುಪಿಸೋಕೆ ವ್ಯಾನ್ ಇದೆಯಲ್ಲ, ಅದು ವಾಪಸ್ ಬರುವಾಗ ಖಾಲಿಯೇ ಯಾಕೆ ಬರಬೇಕು?

ಬೆಂಗಳೂರಿನಲ್ಲಿ ಕೂತು ಹಳ್ಳಿಗೆ ಸ್ವಚ್ಛತೆ ಹೇಳಿಕೊಡುವ ಮೊದಲು ಮಾವಳ್ಳಿಪುರ, ಮಂಡೂರುಗಳ ಹೆಸರೂ ಒಮ್ಮೆ ನೆನಪಿಸಿಕೊಳ್ಳಿ. ವರ್ಷಗಟ್ಟಲೆ ನಮ್ಮ ಅಪಾರ್ಟ್‌ಮೆಂಟುಗಳ ಕಸ ಹೋಗಿ ಬಿದ್ದದ್ದು ಆ ಹಳ್ಳಿಗಳಲ್ಲಿ. ಮಂಡೂರಿನ ಜನ ರಸ್ತೆಗೆ ಇಳಿದಿದ್ದರಿಂದ 2014ರ ಕೊನೆಗೆ ಅಲ್ಲಿಗೆ ಲಾರಿ ನಿಂತವು. ನಮ್ಮ ಮನೆ ಮುಂದೆ ಕಾಣದ ಕಸ ಅವರ ಬಾವಿಯ ಪಕ್ಕದಲ್ಲಿತ್ತು, ಅಷ್ಟೇ ವ್ಯತ್ಯಾಸ.

ನಮ್ಮಲ್ಲಿ ಎಷ್ಟೋ ಜನ ಓಟನ್ನು ಇನ್ನೂ ಊರಲ್ಲೇ ಇಟ್ಟುಕೊಂಡಿದ್ದೇವೆ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಮುಂದಿನ ಸಲ ಹಬ್ಬದ ಬದಲು ಅದಕ್ಕೆ ರಜೆ ಹಾಕಿ. ಎದ್ದು ನಿಂತು ಪಿಡಿಒ ಅವರನ್ನು ಮೂರು ಪ್ರಶ್ನೆ ಕೇಳಿ: ಕಳೆದ ಆರು ತಿಂಗಳಲ್ಲಿ ಎಷ್ಟು ಕೆಜಿ ಪ್ಲಾಸ್ಟಿಕ್ ಊರಿಂದ ಹೊರಗೆ ಹೋಯ್ತು? ಯಾರು ಒಯ್ದರು? ಲಾರಿ ಬಾಡಿಗೆ ಯಾರು ಕೊಟ್ಟರು? ಅಪ್ಪ ಅಮ್ಮನ ಮನೆಯ 50 ರೂಪಾಯಿಯನ್ನು ಅಲ್ಲೇ ಫೋನ್ ತೆಗೆದು ವರ್ಷಕ್ಕಾಗುವಷ್ಟು ಕಟ್ಟಿಬಿಡಿ. ಅಂದ ಹಾಗೆ, ಊರಿಂದ ವಾಪಸ್ ಬರುವಾಗ ಡಿಕ್ಕಿಯಲ್ಲಿ ತೆಂಗಿನಕಾಯಿ, ಅಪ್ಪೆಮಿಡಿ ಭರಣಿಗೆಲ್ಲ ಜಾಗ ಆಗುತ್ತೆ. ಮಗುವಿಗೆ ಅಂತ ನೀವೇ ಹೊತ್ತುಕೊಂಡು ಹೋದ ಪ್ಯಾಕೆಟ್ಟುಗಳ ಖಾಲಿ ಚೀಲವೊಂದನ್ನೂ ಅದರ ಪಕ್ಕ ಇಟ್ಟುಕೊಂಡು ಬನ್ನಿ.