108ರ ಪೆಟ್ಟಿಗೆಯಲ್ಲಿ ಇರಬೇಕಾದ ವಿದ್ಯೆ

ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಎಷ್ಟೋ ಸಲ ಹಿಂಬದಿಯ ದೀಪವೂ ಇಲ್ಲದೆ, ರಾತ್ರಿಯಿಡೀ ಕಾರ್ಖಾನೆಗಳತ್ತ ಸಾಗುತ್ತವೆ. ಕಟಾವಿಗೆ ಇಳಿದವರ ಕಾಲಬುಡದಲ್ಲಿ ಹಾವಿನ ಭಯ. ಬೆಳೆಗೆ ಹೊಡೆಯಲು ತಂದ ‘ಎಣ್ಣೆ’ಯ ಡಬ್ಬಿ ಮನೆಯ ಮೂಲೆಯಲ್ಲಿ. ಘಟಪ್ರಭೆಯ ನೀರಿನಿಂದ ಹಸಿರಾದ ಈ ಸೀಮೆ ಸಂಪನ್ನವೆಂಬುದು ನಿಜ. ಆದರೆ ತುರ್ತುಚಿಕಿತ್ಸೆಯ ದೃಷ್ಟಿಯಿಂದ ನೋಡಿದರೆ ಇದು ಬೆಳಗಾವಿಯಿಂದ ದೂರ ಉಳಿದ ಸೀಮೆ. ಗೋಕಾಕದಿಂದ ಬೆಳಗಾವಿಗೆ ಅರವತ್ತು ಕಿಲೋಮೀಟರಿಗೂ ಹೆಚ್ಚು, ಮೂಡಲಗಿಯಿಂದ ಇನ್ನೂ ದೂರ. ಮೂಡಲಗಿ ಈಗ ಪ್ರತ್ಯೇಕ ತಾಲ್ಲೂಕಾಗಿದೆ. ಆದರೂ ಗಂಭೀರ ಸ್ಥಿತಿಯ ರೋಗಿಯನ್ನು ಕೊನೆಗೆ ಜಿಲ್ಲಾ ಕೇಂದ್ರಕ್ಕೆ ಸಾಗಿಸುವ ವಾಡಿಕೆ ತಪ್ಪಿಲ್ಲ.

ಆ ಒಂದು, ಒಂದೂವರೆ ಗಂಟೆಯ ಹಾದಿಯಲ್ಲಿ ರೋಗಿಯ ಪಕ್ಕದಲ್ಲಿ ಕುಳಿತವರಿಗೆ ಏನು ಗೊತ್ತಿರಬೇಕು ಎಂಬುದೇ ಈ ಬರಹದ ವಿಷಯ. 2008ರ ನವೆಂಬರ್ 1ರಂದು ರಾಜ್ಯದಲ್ಲಿ ‘ಆರೋಗ್ಯ ಕವಚ’ ಹೆಸರಿನ 108 ಸೇವೆ ಆರಂಭವಾದಾಗ ನಮ್ಮೆಲ್ಲರ ಗಮನವಿದ್ದುದು ವಾಹನದ ಮೇಲೆ. ಕರೆ ಮಾಡಿದ ಎಷ್ಟು ನಿಮಿಷಕ್ಕೆ ಬಂತು, ಎಷ್ಟು ವೇಗದಲ್ಲಿ ಹೋಯಿತು ಎಂಬುದಷ್ಟೇ ಚರ್ಚೆಯಾಗುತ್ತಿತ್ತು. ಇಂದಿಗೂ ಪತ್ರಿಕೆಗಳಲ್ಲಿ ಬರುವುದು ಆಂಬುಲೆನ್ಸ್ ತಡವಾದ ಸುದ್ದಿ, ಕೆಟ್ಟು ನಿಂತ ಸುದ್ದಿ, ಸಿಬ್ಬಂದಿಗೆ ವೇತನವಾಗದ ಸುದ್ದಿ. ಇವೆಲ್ಲ ಮುಖ್ಯವೇ. ಆದರೆ ಬಾಗಿಲು ಮುಚ್ಚಿಕೊಂಡು ವಾಹನ ಹೊರಟ ಮೇಲೆ ಒಳಗೆ ಏನಾಗುತ್ತದೆ ಎಂಬುದನ್ನು ಯಾರೂ ಕೇಳುತ್ತಿಲ್ಲ. ಬಹುಕಾಲ ಔಷಧಶಾಸ್ತ್ರ ಕಲಿಸಿದ ನನಗೆ ಆ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ.

ಈ ಭಾಗದಲ್ಲಿ ತೀರಾ ಪರಿಚಿತವಾದ ಒಂದು ಸಂದರ್ಭವನ್ನೇ ತೆಗೆದುಕೊಳ್ಳೋಣ. ಕೀಟನಾಶಕ ಮೈಗೆ ಸೇರಿದೆ, ಸಿಂಪಡಿಸುವಾಗಲೋ ಬೇರೆ ಕಾರಣಕ್ಕೋ. ಅದು ಕ್ಲೋರೋಪೈರಿಫಾಸ್‌ನಂಥ ಆರ್ಗನೋಫಾಸ್ಫರಸ್ ಗುಂಪಿನದಾದರೆ, ನರತುದಿಗಳಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಒಡೆಯುವ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಒಡೆಯುವವರಿಲ್ಲದ ಅಸಿಟೈಲ್‌ಕೋಲಿನ್ ಶೇಖರವಾಗುತ್ತ ಹೋಗಿ ಬಾಯಲ್ಲಿ ನೊರೆ, ಮೈತುಂಬ ಬೆವರು, ಸೂಜಿಮೊನೆಯಂತೆ ಕಿರಿದಾದ ಕಣ್ಣಪಾಪೆ, ಇಳಿದ ನಾಡಿ ಕಾಣಿಸಿಕೊಳ್ಳುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ ಶ್ವಾಸಕೋಶದೊಳಗೆ ದ್ರವ ತುಂಬುತ್ತದೆ. ಇಂಥ ರೋಗಿ ಒಣನೆಲದ ಮೇಲೇ ನೀರಿನಲ್ಲಿ ಮುಳುಗಿದವನಂತೆ ಸಾಯುತ್ತಾನೆ. ಅಟ್ರೋಪಿನ್ ಮಾಡುವ ಕೆಲಸ ಸರಳವಾದದ್ದು. ಬೀಗಕ್ಕೆ ಸರಿಯಾದ ಕೀಲಿ ಹೋಗದಂತೆ ಮತ್ತೊಂದು ಕೀಲಿ ತೂರಿಸಿದ ಹಾಗೆ, ಅದು ಗ್ರಾಹಕಗಳಲ್ಲಿ ತಾನು ಕುಳಿತು ಅಸಿಟೈಲ್‌ಕೋಲಿನ್ನಿಗೆ ಜಾಗವಿಲ್ಲದಂತೆ ಮಾಡುತ್ತದೆ. ಆದರೆ ಎದುರಾಳಿಯ ಸಂಖ್ಯೆ ಹೆಚ್ಚಿದ್ದಷ್ಟೂ ಇವನ ಸಂಖ್ಯೆಯೂ ಹೆಚ್ಚಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಅಟ್ರೋಪಿನ್ ಆಂಪೂಲಿನಲ್ಲಿರುವುದು 0.6 ಮಿಲಿಗ್ರಾಂ. ವಿಷಪ್ರಾಶನದಲ್ಲಿ ದೊಡ್ಡವರಿಗೆ ಬೇಕಾಗುವ ಮೊದಲ ಡೋಸೇ 1.8ರಿಂದ 3 ಮಿಲಿಗ್ರಾಂ, ಅಂದರೆ ಮೂರರಿಂದ ಐದು ಆಂಪೂಲು. ಐದು ನಿಮಿಷದಲ್ಲಿ ಎದೆಯ ಗೊರಗೊರ ಕಡಿಮೆಯಾಗದಿದ್ದರೆ ಅದರ ಎರಡು ಪಟ್ಟು, ಆಗಲೂ ಆಗದಿದ್ದರೆ ಮತ್ತೆರಡು ಪಟ್ಟು. ‘ವಿಷಕ್ಕೆ ಅಟ್ರೋಪಿನ್’ ಎಂದಷ್ಟೇ ಬಾಯಿಪಾಠ ಮಾಡಿದವರು ಒಂದು ಆಂಪೂಲು ಕೊಟ್ಟು ಕರ್ತವ್ಯ ಮುಗಿಯಿತೆಂದು ಕೂರುತ್ತಾರೆ. ಔಷಧಿ ಏಕೆ ಕೆಲಸ ಮಾಡುತ್ತದೆ ಎಂದು ತಿಳಿದವರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುತ್ತಾರೆ, ನಾಡಿ ಎಣಿಸುತ್ತಾರೆ, ಕಂಕುಳು ಒಣಗಿತೇ ಎಂದು ಮುಟ್ಟಿ ನೋಡುತ್ತಾರೆ. ಅತಿಯಾದರೆ ಬೆವರು ಪೂರ್ತಿ ನಿಂತು ಜ್ವರವೇರಿ ರೋಗಿ ಬಡಬಡಿಸತೊಡಗುತ್ತಾನೆ ಎಂಬುದೂ ಅವರಿಗೆ ಗೊತ್ತಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಅದು ಸಣ್ಣ ಅಪಾಯವಲ್ಲ.

ಡಬ್ಬಿಯಲ್ಲಿದ್ದುದು ಪ್ಯಾರಾಕ್ವಾಟ್ ಎಂಬ ಕಳೆನಾಶಕವಾದರೆ ಕಥೆ ತಲೆಕೆಳಗಾಗುತ್ತದೆ. ಅಲ್ಲಿ ಅಟ್ರೋಪಿನ್ ನಿರುಪಯುಕ್ತ. ಅಷ್ಟೇ ಅಲ್ಲ, ಆಂಬುಲೆನ್ಸ್ ಹತ್ತಿದ ಕೂಡಲೇ ಅಭ್ಯಾಸಬಲದಿಂದ ಮುಖಕ್ಕೆ ಹಾಕುವ ಆಮ್ಲಜನಕವೇ ಶ್ವಾಸಕೋಶದ ಹಾನಿಯನ್ನು ಹೆಚ್ಚಿಸುತ್ತದೆ. ರಕ್ತದಲ್ಲಿ ಆಮ್ಲಜನಕ ತೀರಾ ಇಳಿದಿದ್ದರೆ ಮಾತ್ರ ಅದನ್ನು ಕೊಡಬೇಕು. ಆಮ್ಲಜನಕವೂ ಒಂದು ಔಷಧಿ, ಅದಕ್ಕೂ ಪ್ರಮಾಣವಿದೆ, ನಿಷೇಧವಿದೆ ಎಂಬುದು ಔಷಧಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಜನ ಎರಡನ್ನೂ ‘ಎಣ್ಣಿ’ ಎಂದೇ ಕರೆಯುವ ಸೀಮೆಯಲ್ಲಿ ಡಬ್ಬಿಯನ್ನೂ ಜೊತೆಗೆ ತರಿಸಿ ಅದರ ಹೆಸರು ಓದುವುದು ಚಿಕಿತ್ಸೆಯ ಭಾಗವೇ ಸರಿ.

ಹಾವಿನ ವಿಷಯದಲ್ಲಿ ಸರ್ಕಾರ ಒಂದು ಒಳ್ಳೆಯ ಹೆಜ್ಜೆಯಿಟ್ಟಿತು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿ ಪ್ರತಿ ಪ್ರಕರಣವನ್ನೂ ವರದಿ ಮಾಡುವಂತೆ ಮಾಡಿತು. ಇಲ್ಲಿ ಕಲಿಯಬೇಕಾದ ಸಂಗತಿಯೊಂದಿದೆ. ಸಾಮಾನ್ಯವಾಗಿ ಮಕ್ಕಳ ಡೋಸನ್ನು ತೂಕ ನೋಡಿ ಇಳಿಸುತ್ತೇವೆ. ಹಾವಿನ ಪ್ರತಿವಿಷವನ್ನು ಮಾತ್ರ ಇಳಿಸುವಂತಿಲ್ಲ. ಕೊಳಕುಮಂಡಲ ಒಮ್ಮೆ ಕಚ್ಚಿದಾಗ ಸರಾಸರಿ 63 ಮಿಲಿಗ್ರಾಂ ವಿಷ ಸೇರುತ್ತದೆಂಬುದು ಒಂದು ಲೆಕ್ಕ. ಒಂದು ವಯಲ್ ಪ್ರತಿವಿಷ ತಟಸ್ಥಗೊಳಿಸುವುದು ಸುಮಾರು 6 ಮಿಲಿಗ್ರಾಂ ವಿಷವನ್ನು. ಆರಂಭಕ್ಕೆ ಹತ್ತು ವಯಲ್ ಎಂಬ ನಿಯಮದ ಹಿಂದಿರುವುದು ಈ ಗಣಿತ. ಕಚ್ಚಿಸಿಕೊಂಡದ್ದು ಐದು ವರ್ಷದ ಮಗುವೆಂದು ಹಾವು ವಿಷ ಕಡಿಮೆ ಹಾಕುವುದಿಲ್ಲವಲ್ಲ! ಮದ್ದನ್ನು ಅಳೆಯುವುದು ದೇಹಕ್ಕಲ್ಲ, ವಿಷಕ್ಕೆ.

ಪ್ರತಿವಿಷ ಕೊಡುವುದು ಆಸ್ಪತ್ರೆಯಲ್ಲೇ. ಆದರೆ ಅದನ್ನು ಆರಂಭಿಸಿ ಅಲ್ಲಿಂದ ಬೆಳಗಾವಿಗೆ ಕಳಿಸಿದ ರೋಗಿಗೆ ದಾರಿಯಲ್ಲಿ ಮೈಯೆಲ್ಲ ದದ್ದು, ಉಬ್ಬಸ, ರಕ್ತದೊತ್ತಡದ ಕುಸಿತ ಕಾಣಿಸಿಕೊಂಡರೆ ನೆರವಿಗೆ ಬರುವುದು ಅಡ್ರಿನಲಿನ್. ಒಂದು ಮಿಲಿಲೀಟರಿನ ಆಂಪೂಲಿನಲ್ಲಿ ಒಂದು ಮಿಲಿಗ್ರಾಂ. ಅಲರ್ಜಿಯ ಆಘಾತಕ್ಕೆ ದೊಡ್ಡವರಿಗೆ ಅದರ ಅರ್ಧ, ತೊಡೆಯ ಹೊರಭಾಗದ ಸ್ನಾಯುವಿಗೆ. ಹೃದಯ ಪೂರ್ತಿ ನಿಂತವರಿಗೆ ಇಡೀ ಒಂದು ಮಿಲಿಗ್ರಾಂ, ರಕ್ತನಾಳಕ್ಕೆ. ಎರಡನ್ನೂ ಅದಲುಬದಲು ಮಾಡಿ, ಮಿಡಿಯುತ್ತಿರುವ ಹೃದಯದ ರೋಗಿಗೆ ಇಡೀ ಆಂಪೂಲನ್ನು ನಾಳಕ್ಕೆ ನೂಕಿದರೆ ರಕ್ಷಿಸಲು ಹೋದ ಔಷಧಿಯೇ ಹೃದಯದ ಲಯ ಕೆಡಿಸೀತು. ಔಷಧಿ ಅದೇ, ಮಾರ್ಗ ಬೇರೆ, ಪರಿಣಾಮ ಬೇರೆ. ಸ್ನಾಯು, ನಾಳ, ನಾಲಿಗೆಯಡಿ, ಉಸಿರು, ಇವು ಒಂದೇ ಊರಿಗೆ ಹೋಗುವ ಬೇರೆ ಬೇರೆ ದಾರಿಗಳಷ್ಟೇ ಅಲ್ಲ. ಎಷ್ಟು ಹೊತ್ತಿಗೆ ತಲುಪುತ್ತದೆ, ಎಷ್ಟು ತಲುಪುತ್ತದೆ ಎಂಬುದನ್ನೂ ಇವೇ ನಿರ್ಧರಿಸುತ್ತವೆ.

ಹೃದಯಾಘಾತದ ಚಿಕಿತ್ಸೆಯಂತೂ ಈಚೆಗೆ ಬಹಳ ಬದಲಾಗಿದೆ. 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಿಂದ, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲಿ ಉಚಿತವಾಗಿ ದೊರೆಯುವಂತಾಯಿತು. ಇದು ಸ್ವಾಗತಾರ್ಹ. ಆದರೆ ಆ ಚುಚ್ಚುಮದ್ದು ಪಡೆದವರು ಮುಂದಿನ ಚಿಕಿತ್ಸೆಗೆ ದೊಡ್ಡ ಆಸ್ಪತ್ರೆಗೆ ಹೋಗುವುದು ಮತ್ತೆ ಆಂಬುಲೆನ್ಸಿನಲ್ಲಿಯೇ. ದಾರಿಯಲ್ಲಿ ಎದೆನೋವು ಎಂದು ನರಳುವವರನ್ನು ಕಂಡು ಜೊತೆಗಿರುವ ತಾಯಿಯೋ ಹೆಂಡತಿಯೋ, ‘ಸಿಸ್ಟರ್, ಏನರ ಒಂದು ಇಂಜೆಕ್ಷನ್ ಮಾಡ್ರಿ, ನಿಮ್ಮ ಕಾಲ ಬೀಳ್ತೀನ್ರಿ’ ಎನ್ನುತ್ತಾರೆ. ಸಿಬ್ಬಂದಿ ಕರಗಿ ನೋವಿನ ಇಂಜೆಕ್ಷನ್ ಒಂದನ್ನು ಸೊಂಟಕ್ಕೆ ಚುಚ್ಚಿದರೆ, ಹೆಪ್ಪುಗಟ್ಟುವ ಶಕ್ತಿ ಕಳೆದುಕೊಂಡ ರಕ್ತ ಅಲ್ಲೇ ಸ್ನಾಯುವಿನೊಳಗೆ ಸೋರುತ್ತದೆ. ಏನನ್ನೂ ಚುಚ್ಚದೆ, ‘ತಡೀರಿ ಯವ್ವಾ, ಈಗ ಚುಚ್ಚಬಾರದು’ ಎಂದು ಹೇಳುವ ಧೈರ್ಯವೂ ಜ್ಞಾನದಿಂದಲೇ ಬರುತ್ತದೆ. ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಕೂಡ ಹಾಗೆಯೇ. ಸಿಲ್ಡೆನಾಫಿಲ್‌ನಂಥ ಲೈಂಗಿಕ ಶಕ್ತಿಯ ಮಾತ್ರೆಯನ್ನು ಹಿಂದಿನ 24 ಗಂಟೆಯಲ್ಲಿ ನುಂಗಿದ್ದವರಿಗೆ ಅದನ್ನು ಕೊಟ್ಟರೆ ರಕ್ತದೊತ್ತಡ ಪಾತಾಳಕ್ಕಿಳಿಯುತ್ತದೆ. ಟಡಾಲಫಿಲ್ ಆಗಿದ್ದರೆ 48 ಗಂಟೆ ಕಾಯಬೇಕು. ಮನೆಮಂದಿಯೆದುರು ಐವತ್ತೈದರ ಗೌಡರನ್ನು ಈ ಪ್ರಶ್ನೆ ಕೇಳುವುದು ಹೇಗೆ? ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ಉಳಿದವರನ್ನು ಒಂದು ಕ್ಷಣ ಆಚೆ ನಿಲ್ಲಿಸಿ, ಕಿವಿಯ ಬಳಿ ಬಗ್ಗಿ, ಮರ್ಯಾದೆಯಿಂದ ಕೇಳುವುದನ್ನೂ ತರಬೇತಿಯಲ್ಲಿ ಹೇಳಿಕೊಡಬೇಕಾಗುತ್ತದೆ.

ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ತಪ್ಪಿಸಿ ಪ್ರಜ್ಞೆ ತಪ್ಪಿದ ಅಜ್ಜನಿಗೆ ಡೆಕ್ಸ್‌ಟ್ರೋಸ್ ಹೋದ ಕೆಲವೇ ನಿಮಿಷಗಳಲ್ಲಿ ಕಣ್ಣು ಬಿಡುತ್ತಾನೆ. ಮನೆಯವರಿಗೆ ಅದು ಪವಾಡ. ‘ಆರಾಮ ಆದ್ರು, ಇನ್ನ ದವಾಖಾನಿ ಯಾಕ್ರಿ’ ಎಂದು ಇಳಿಸಿಕೊಳ್ಳಲು ನಿಲ್ಲುತ್ತಾರೆ. ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಯ ಪ್ರಭಾವ, ಅದರಲ್ಲೂ ಮೂತ್ರಪಿಂಡ ದುರ್ಬಲವಾದ ವಯಸ್ಸಿನಲ್ಲಿ, ಡೆಕ್ಸ್‌ಟ್ರೋಸಿಗಿಂತ ಎಷ್ಟೋ ಹೆಚ್ಚು ಕಾಲ ಉಳಿಯುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಸಕ್ಕರೆ ಮತ್ತೆ ಇಳಿಯುತ್ತದೆ. ಔಷಧಿ ದೇಹದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ, ಯಾವ ಅಂಗ ಅದನ್ನು ಹೊರಹಾಕುತ್ತದೆ ಎಂದು ಗೊತ್ತಿದ್ದ ಸಿಬ್ಬಂದಿ ಮಾತ್ರ ಆ ಮನೆಯ ಹೊಸ್ತಿಲಲ್ಲಿ ನಿಂತು ಬಿಗಿಯಾಗಿ ವಾದಿಸಬಲ್ಲರು.

ವೈದ್ಯ ಮಿತ್ರರಲ್ಲಿ ಅನೇಕರು ಇದಕ್ಕೆ ತಲೆಯಾಡಿಸುವುದಿಲ್ಲ. ಅರೆಬರೆ ಕಲಿತವರ ಕೈಗೆ ಔಷಧಿ ಕೊಡುವುದಕ್ಕಿಂತ ಬೇಗ ತಂದು ಮುಟ್ಟಿಸಿದರೆ ಸಾಕು ಎಂಬುದು ಅವರ ವಾದ. ಪೇಟೆಯೊಳಗೆ, ಹತ್ತು ನಿಮಿಷದ ದಾರಿಗೆ, ಈ ಮಾತನ್ನು ಒಪ್ಪಬಹುದು. ಗಡಿಯಾಚೆಯ ಮಹಾರಾಷ್ಟ್ರ 2014ರಲ್ಲಿ ತನ್ನ 108 ಸೇವೆ ಆರಂಭಿಸಿದಾಗ ವಾಹನದೊಳಗೆ ವೈದ್ಯರನ್ನೇ ಕೂರಿಸುವ ಮಾರ್ಗ ಹಿಡಿಯಿತು. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದವರಿಗೆ ನೆರೆಯ ಗಡಹಿಂಗ್ಲಜದ ಈ ವ್ಯವಸ್ಥೆ ಅಪರಿಚಿತವಲ್ಲ. ನಾವು ತಂತ್ರಜ್ಞರನ್ನು ಕೂರಿಸುವ, ಕೇಂದ್ರದಲ್ಲಿರುವ ವೈದ್ಯರು ದೂರವಾಣಿಯಲ್ಲಿ ಸಲಹೆ ಕೊಡುವ ಮಾರ್ಗ ಹಿಡಿದೆವು. ಅದು ತಪ್ಪೆಂದು ನಾನು ಹೇಳಲಾರೆ. ಆದರೆ ಈ ಮಾರ್ಗ ಹಿಡಿದ ಮೇಲೆ ಆ ತಂತ್ರಜ್ಞರನ್ನು ಗಟ್ಟಿಯಾಗಿ ತಯಾರು ಮಾಡುವ ಹೊಣೆ ತಪ್ಪಿಸಿಕೊಳ್ಳುವಂತಿಲ್ಲ. ಕರೆ ಹೋಗದ ತಿರುವಿನಲ್ಲಿ ವೈದ್ಯರ ಸಲಹೆ ಸಿಗದು. ಸಿಕ್ಕಾಗಲೂ, ರೋಗಿಯ ಸ್ಥಿತಿಯನ್ನು ಸರಿಯಾಗಿ ಹೇಳಲು ಬಾರದವರಿಗೆ ಸರಿಯಾದ ಸಲಹೆ ಸಿಗದು.

ಅಷ್ಟಕ್ಕೂ ವೈದ್ಯರಲ್ಲದವರನ್ನು ನಂಬಿದ ಉದಾಹರಣೆ ನಮ್ಮಲ್ಲೇ ಇದೆ. ಗರ್ಭಿಣಿಗೆ ನಂಜು ಏರಿ ಸೆಳವು ಬಂದಾಗ ಮೆಗ್ನೀಸಿಯಂ ಸಲ್ಫೇಟಿನ ಮೊದಲ ಡೋಸನ್ನು, ಎರಡೂ ಪೃಷ್ಠಗಳಿಗೆ ತಲಾ 5 ಗ್ರಾಂನಂತೆ, ತರಬೇತಿ ಪಡೆದ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯೇ ಕೊಟ್ಟು ಮುಂದಕ್ಕೆ ಕಳಿಸಲು ರಾಷ್ಟ್ರೀಯ ಮಾರ್ಗಸೂಚಿ ಅವಕಾಶ ಕೊಟ್ಟಿದೆ. ಅದು ಉಸಿರಾಟವನ್ನೇ ನಿಲ್ಲಿಸಬಲ್ಲ ಔಷಧಿ. ಅವರಿಗೆ ಆ ಅವಕಾಶ ಸಿಕ್ಕಿದ್ದು ಪದವಿಯ ಕಾರಣಕ್ಕಲ್ಲ. ಕೆಲವೇ ಔಷಧಿಗಳನ್ನು ಆಯ್ದು, ಅವುಗಳ ಪ್ರಮಾಣ, ಮಾರ್ಗ, ಅಪಾಯದ ಲಕ್ಷಣಗಳನ್ನು ಕಲಿಸಿದ್ದರಿಂದ. 2021ರ ರಾಷ್ಟ್ರೀಯ ಪೂರಕ ಹಾಗೂ ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆ ತುರ್ತು ವೈದ್ಯಕೀಯ ತಂತ್ರಜ್ಞರನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಕಾನೂನು ವೃತ್ತಿಯೆಂದು ಒಪ್ಪಿದ ಮೇಲೆ ಅವರನ್ನು ಬರೇ ಸ್ಟ್ರೆಚರ್ ಹೊರುವವರಂತೆ ಕಾಣುವುದು ಸಲ್ಲ.

ನನ್ನ ಅಭಿಪ್ರಾಯದಲ್ಲಿ ಪೆಟ್ಟಿಗೆಯ ಔಷಧಿಗಳ ಸಂಖ್ಯೆ ಹೆಚ್ಚಿಸುವ ಅಗತ್ಯವಿಲ್ಲ. ಹತ್ತು ಹನ್ನೆರಡು ಸಾಕು, ಆದರೆ ಪ್ರತಿಯೊಂದರ ಒಳಹೊರಗೂ ತಿಳಿದಿರಬೇಕು. ಈ ಪಾಠ ಕನ್ನಡದಲ್ಲಿ ನಡೆಯಬೇಕು ಎಂಬುದು ನನ್ನ ಗಟ್ಟಿಯಾದ ನಿಲುವು, ಭಾಷಾಭಿಮಾನದ ಕಾರಣಕ್ಕಲ್ಲ. ಈ ಕೆಲಸಕ್ಕೆ ಬರುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿದ ಹಳ್ಳಿಯ ಮಕ್ಕಳು. ತರಗತಿಯಲ್ಲಿ ಇಂಗ್ಲಿಷ್ ವಾಕ್ಯಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ ಹುಡುಗನೊಬ್ಬ, ‘ಇದು ಕೊಟ್ಟರೆ ಬಿ.ಪಿ. ಏಕೆ ಇಳಿಯುತ್ತದೆ?’ ಎಂದು ನಾನು ಕನ್ನಡದಲ್ಲಿ ಕೇಳಿದ್ದೇ ತಡ ಮೌನವಾದುದನ್ನು ಕಂಡಿದ್ದೇನೆ. ರಕ್ತನಾಳ ಸಡಿಲಗೊಳ್ಳುವುದನ್ನು ಹೊಲಕ್ಕೆ ನೀರು ಹಾಯಿಸುವ ಪೈಪಿನ ಮೂಲಕ ವಿವರಿಸಿದಾಗ ಮರುಕ್ಷಣವೇ ಅವನು ಮುಂದಿನ ಪ್ರಶ್ನೆ ಕೇಳಿದ. ಔಷಧಿಯ ಹೆಸರು ಇಂಗ್ಲಿಷಿನಲ್ಲೇ ಇರಲಿ. ಅದರ ಹಿಂದಿನ ಕಾರಣ ತಾಯ್ನುಡಿಯಲ್ಲಿ ಮನಸ್ಸಿಗೆ ಇಳಿಯಬೇಕು. ಲೆಕ್ಕವೂ ಅಷ್ಟೇ. ಕುಲುಕುವ ವಾಹನದಲ್ಲಿ ರಾತ್ರಿ ಎರಡು ಗಂಟೆಗೆ ಮಗುವಿನ ತೂಕವನ್ನು ಗುಣಿಸಿ ಭಾಗಿಸುವಾಗ 0.5ರ ಬಿಂದು ಕಾಣದೆ 5 ಆದರೆ ಹತ್ತು ಪಟ್ಟು ಔಷಧಿ ಹೋಗುತ್ತದೆ. ತೂಕಕ್ಕೆ ತಕ್ಕ ಡೋಸಿನ ಪಟ್ಟಿಯೊಂದನ್ನು ದೊಡ್ಡ ಅಕ್ಷರದಲ್ಲಿ ವಾಹನದ ಗೋಡೆಗೆ ಅಂಟಿಸಲು ಎಷ್ಟು ಖರ್ಚಾದೀತು?

ಬಿಸಿಲಿನಲ್ಲಿ ನಿಂತ ವಾಹನದೊಳಗಿನ ಶಾಖದ ಬಗ್ಗೆಯೂ ಯೋಚಿಸಬೇಕು. ಹೆರಿಗೆಯ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ತಂಪಿನಲ್ಲಿ, ಸಾಧಾರಣವಾಗಿ 2ರಿಂದ 8 ಡಿಗ್ರಿಯಲ್ಲಿ, ಇರಬೇಕಾದ ಔಷಧಿ. ಅವಧಿ ಮುಗಿಯದ ಆಂಪೂಲಿನೊಳಗೂ ಶಕ್ತಿಗುಂದಿದ ನೀರು ಇರಬಹುದು.

ಕೊನೆಯದಾಗಿ ಸಮಯದ ಮಾತು. ರಾಷ್ಟ್ರೀಯ ಹೆದ್ದಾರಿಯಲ್ಲಿ ಕಬ್ಬಿನ ಟ್ರೇಲರಿಗೆ ಗುದ್ದಿ ರಕ್ತ ಸೋರುತ್ತಿರುವವರಿಗೆ ಟ್ರನೆಕ್ಸಾಮಿಕ್ ಆಮ್ಲ ಕೊಟ್ಟರೆ ಸಾವು ಕಡಿಮೆಯಾಗುತ್ತದೆಂದು, ಭಾರತವೂ ಸೇರಿ 40 ದೇಶಗಳ 20 ಸಾವಿರಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದೇ ಅಧ್ಯಯನದ ಮುಂದಿನ ವಿಶ್ಲೇಷಣೆಯಲ್ಲಿ ಕಂಡದ್ದು, ಗಾಯವಾದ ಮೂರು ಗಂಟೆಯ ನಂತರ ಕೊಟ್ಟರೆ ಅದರಿಂದ ಹಾನಿಯೇ ಹೆಚ್ಚು ಎಂದು. ಅಪಘಾತವಾದ ಹೊತ್ತು, ಔಷಧಿ ಕೊಟ್ಟ ಹೊತ್ತು, ಕೊಟ್ಟ ಪ್ರಮಾಣ, ಇಷ್ಟನ್ನು ಬರೆದ ಒಂದು ಚೀಟಿ ರೋಗಿಯ ಜೊತೆ ಬೆಳಗಾವಿಯ ಆಸ್ಪತ್ರೆಯ ಬಾಗಿಲು ದಾಟಬೇಕು, ಅಲ್ಲಿನ ವೈದ್ಯರು ಅದನ್ನು ಕೈಗೆತ್ತಿಕೊಂಡು ಓದಬೇಕು. ಮುಂದಿನ ಹಂಗಾಮಿನ ಮೊದಲ ಟ್ರ್ಯಾಕ್ಟರು ರಸ್ತೆಗಿಳಿಯುವ ಮುನ್ನ ಗೋಕಾಕ, ಮೂಡಲಗಿ, ಹುಕ್ಕೇರಿಯ 108 ಸಿಬ್ಬಂದಿಯನ್ನೂ ಜಿಲ್ಲಾ ಕೇಂದ್ರದ ತುರ್ತುಚಿಕಿತ್ಸಾ ವಿಭಾಗದವರನ್ನೂ ಒಂದೇ ಕೋಣೆಯಲ್ಲಿ ಎರಡು ದಿನ ಕೂರಿಸುವುದು ಆರೋಗ್ಯ ಇಲಾಖೆಗೆ ಕಷ್ಟವಾಗಲಾರದು.