ಒಂದನೇ ಕ್ಲಾಸಿಗೆ ಯಾರು?



ಕಿಟೆಲ್ ಹೆಸರು ನಮಗೆಲ್ಲ ಬಾಯಿಪಾಠ. 1894ರ ನಿಘಂಟು, ಬೆಂಗಳೂರಿನ ಪ್ರತಿಮೆ. ಮೊಗ್ಲಿಂಗ್ 1843ರಲ್ಲಿ ತಂದ 'ಮಂಗಳೂರು ಸಮಾಚಾರ'ವೂ ಪರೀಕ್ಷೆಗೆ ಬರುತ್ತೆ, ಎರಡು ಮಾರ್ಕಿಗೆ. ಅದೇ ಬಾಸೆಲ್ ಮಿಶನ್ ಸಾಲಿಗಳಲ್ಲಿ ತಲೆ ನರೆಯೋ ತನಕ ಚಿಕ್ಕ ಮಕ್ಕಳ ಕೈಹಿಡಿದು 'ಅ' ತಿದ್ದಿಸಿದ ಕನ್ನಡದ ಮೇಷ್ಟ್ರು ಎಷ್ಟು ಮಾರ್ಕಿಗೆ ಬರ್ತಾರೆ? ಸೊನ್ನೆ.

ದೇವರ ಮಾತನ್ನು ಪ್ರತಿಯೊಬ್ಬ ತಾನೇ, ತನ್ನ ಭಾಷೆಯಲ್ಲಿ ಓದಬೇಕು ಅನ್ನೋದು ಲೂಥರನ ಹಟ. ಹಾಗಾಗಿ ಕೂಲಿಯವನ ಮಗನಿಗೂ ಅಕ್ಷರ ಬೇಕಾಯ್ತು. ನಮ್ಮ ಶಾಸ್ತ್ರದ ಹಟ ಬೇರೆ: ವೇದ ಕೇಳಿಸಿಕೊಂಡರೆ ಕಿವಿಗೆ ಕಾದ ಸೀಸ!

1837ರಲ್ಲೇ ಮಿಶನ್ ಧಾರವಾಡಕ್ಕೆ ಕಾಲಿಟ್ಟಿತ್ತು. ಅದೇ ಊರಿನಲ್ಲಿ 1856ರ ಜೂನ್ ತಿಂಗಳು ಒಬ್ಬ ಮಹಾರ್ ಹುಡುಗ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಿದ. ಮುಂಬಯಿ ಸರಕಾರ ಒಲ್ಲೆ ಅಂತು. ಒಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟರೆ ಗತಿಯೇನು ಅನ್ನೋ ಲೆಕ್ಕ ಅದರದು. ತಕರಾರು ಮೇಲಕ್ಕೆ ಹೋಗಿ, 1858ರಲ್ಲಿ ಸರಕಾರಿ ಶಾಲೆ ಎಲ್ಲ ಜಾತಿಗೂ ತೆರೆದಿರಬೇಕು ಅಂತ ಕಂಪನಿಯ ಡೈರೆಕ್ಟರುಗಳ ಆದೇಶ ಬಂತು. ಕಾಗದದ ಮೇಲೆ. ಅದಾಗಿ ಎಷ್ಟೋ ವರ್ಷಗಳ ಮೇಲೂ ಸಾತಾರಾದ ಶಾಲೆಯಲ್ಲಿ ಬಾಬಾಸಾಹೇಬರು ಬೇರೆಯಾಗಿ, ಮನೆಯಿಂದ ಒಯ್ದ ಗೋಣಿತಟ್ಟಿನ ಮೇಲೆ ಕೂತರು.

ಹಾಗಂತ ನಾವು ಮಿಶನ್ನಿಗೆ ಅಡ್ಡಬೀಳಬೇಕಿಲ್ಲ. ಅಕ್ಷರ ಕೊಟ್ಟ ಕೈಯೇ ನೇಯ್ಗೆ ಮಗ್ಗ ಹಾಕಿತು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಓದಿದವರಲ್ಲಿ ಎಷ್ಟೋ ಮಂದಿ ಅಲ್ಲೇ ಕೂಲಿಯಾದರು. ಆದರೆ 1914ರ ಯುದ್ಧ ಬಂದು ಜರ್ಮನ್ ಪಾದ್ರಿಗಳನ್ನು ಬ್ರಿಟಿಷರು ಸೆರೆಹಿಡಿದು ಆಮೇಲೆ ದೇಶದಿಂದಲೇ ಹೊರಹಾಕಿದಾಗ, ಕರಿಹಲಗೆ ಮುಂದೆ ಉಳಿದವರು ಯಾರು? ಇಲ್ಲಿಯ ಮೇಷ್ಟ್ರುಗಳೇ. ನಮ್ಮ ಶರಣು ಅವರಿಗೆ.

ಈಗ ಮೆಟ್ರಿ, ಕಂಪ್ಲಿ ಸೀಮೆಗೆ ಬರೋಣ. ಈ ಕಡೆಯಿಂದ ಹೊಸಪೇಟೆ, ಬಳ್ಳಾರಿ ಹಾಸ್ಟೆಲಿಗೆ ಬಂದ ನಾವೆಲ್ಲ ಒಂದನೇ ಕ್ಲಾಸು ಕಲಿತದ್ದು ಯಾರ ಹತ್ತಿರ? ನಮ್ಮಲ್ಲಿ ಒಬ್ಬೊಬ್ಬನ ಕಥೆಯೂ ಒಂದೇ. ಪಳಗಿದ ಮೇಷ್ಟ್ರು ಮೇಲಿನ ಕ್ಲಾಸಿಗೆ, ಇಲ್ಲವೇ ವರ್ಗಾವಣೆ ಮಾಡಿಸಿಕೊಂಡು ಪೇಟೆಗೆ. ಕೇರಿಯ ಕೂಸುಗಳಿಗೆ ಅತಿಥಿ ಶಿಕ್ಷಕ. ಅವನೂ ನಮ್ಮಂಥ ಬಡವನೇ, ಅವನ ಮೇಲೆ ನಮಗೆ ಸಿಟ್ಟಿಲ್ಲ. ಮಳೆಗಾಲಕ್ಕೆ ಬಂದು ಬೇಸಿಗೆಗೆ ಹೊರಗೆ. ಅವನಿಗೆ ಅನುಭವ ಬರೋದು ಯಾವಾಗ್ರಿ? ಕಲಿಸಿ ಕಲಿಸಿ ಕೈ ಕುದುರುವ ಹೊತ್ತಿಗೆ ಬೇರೊಬ್ಬ. ಮಗು ನಾಲ್ಕನೇ ಕ್ಲಾಸಿಗೆ ಬಂದರೂ ಒತ್ತಕ್ಷರ ಕೂಡಿಸಲಾರದು. ಆಗ 'ಈ ಜಾತಿಗೆ ವಿದ್ಯೆ ಹತ್ತಲ್ಲ' ಅನ್ನುವ ನಾಲಿಗೆ ತಯಾರಾಗೇ ಇರುತ್ತೆ.

2009ರ ಶಿಕ್ಷಣ ಹಕ್ಕು ಕಾಯ್ದೆ ಅರವತ್ತು ಮಕ್ಕಳ ತನಕ ಇಬ್ಬರು ಮೇಷ್ಟ್ರು ಬೇಕು ಅಂತದೆ. ತಲೆ ಎಣಿಸೋದು ಕಾಯ್ದೆಗೆ ಗೊತ್ತು. ಇಪ್ಪತ್ತು ವರ್ಷ ಕಲಿಸಿದವರನ್ನು ಚಿಕ್ಕವರ ಮುಂದೆ ಕೂರಿಸಿ ಅಂತ ಕೇಳಬೇಕಾದವರು ನಾವು.

ರಜಕ್ಕೆ ಊರಿಗೆ ಹೋದಾಗ ಎಸ್‌ಡಿಎಂಸಿ ಸಭೆ ಎಂದು ಅಂತ ತಿಳಿದುಕೊಳ್ಳಿ. ಅಕ್ಕ, ಅತ್ತಿಗೆಯರನ್ನು ಕರೆದುಕೊಂಡು ಹೋಗಿ. ಬಿಸಿಯೂಟದ ಲೆಕ್ಕ, ಸುಣ್ಣಬಣ್ಣದ ಲೆಕ್ಕ ಆಮೇಲೆ. ಮೊದಲು ಎದ್ದು ನಿಂತು ಕೇಳಿ: ಈ ವರ್ಷ ಒಂದನೇ ಕ್ಲಾಸಿಗೆ ಯಾರು?