ಹಳೇ ಸ್ಕೂಟರ್, ಬಾಯಿಮಾತಿನ ಗ್ಯಾರಂಟಿ

ಮಕ್ಕಳು ಡಿಗ್ರಿಗೆ ಸೇರುತ್ತಿದ್ದಂತೆ ಮನೆಯಲ್ಲಿ ಗಾಡಿಯ ಬೇಡಿಕೆ ಏಳುತ್ತದೆ. ಹೊಸದರ ಬೆಲೆ ಕೇಳಿದ ಅಪ್ಪ 'ಸೆಕೆಂಡ್ ಹ್ಯಾಂಡ್ ನೋಡೋಣ' ಎನ್ನುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ 'ಒಬ್ಬರೇ ಓಡಿಸಿದ ಗಾಡಿ ಸಾರ್, ಗ್ಯಾರಂಟಿ ನನ್ನದು' ಎಂಬ ಮಾತು ನಂಬಿ ಹಣ ಎಣಿಸಬೇಡಿ.

ಗಾಡಿ ನೋಡಲು ಬೆಳಿಗ್ಗೆಯೇ, ಎಂಜಿನ್ ತಣ್ಣಗಿರುವಾಗ ಹೋಗಿ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ಕಾಯಿಲೆ ಹೇಳುವುದಿಲ್ಲ. ಸೈಲೆನ್ಸರಿನಿಂದ ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ರಿಪೇರಿ ಖರ್ಚು ಸಣ್ಣದಲ್ಲ. ಇಬ್ಬರು ಕುಳಿತು ಒಂದು ಏರು ಹತ್ತಿಸಿ ನೋಡಿ. ಎಂಜಿನ್ ಕೂಗುತ್ತಿದ್ದರೂ ಗಾಡಿ ಎಳೆಯದಿದ್ದರೆ ಬೆಲ್ಟ್ ಅಥವಾ ಕ್ಲಚ್ ಸವೆದಿರಬಹುದು. ನೇರ ರಸ್ತೆಯಲ್ಲಿ ಒಂದೇ ಕಡೆಗೆ ಎಳೆದರೆ ಎಲ್ಲೋ ಬಿದ್ದೆದ್ದ ಗಾಡಿ ಎಂದು ಅನುಮಾನಿಸಿ. ಟೈರಿನ ಮೇಲಿನ ನಾಲ್ಕಂಕಿ ಓದಿ: 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಪರಿಚಯದ ಮೆಕ್ಯಾನಿಕ್ ಜೊತೆಗಿದ್ದರೆ ಒಳ್ಳೆಯದು.

ಇನ್ನು ವಾರಂಟಿ. ಕಂಪನಿಯ ವಾರಂಟಿ ಎಣಿಕೆಯಾಗುವುದು ಗಾಡಿ ಮೊದಲು ಮಾರಾಟವಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಸಕಾಲಕ್ಕೆ ಸರ್ವಿಸ್ ಮಾಡಿಸದಿದ್ದರೆ ಅವಧಿಗೆ ಮುನ್ನವೇ ಅದು ಕೈತಪ್ಪಬಹುದು. ಟೈರು, ಬ್ರೇಕ್ ಶೂಗಳಂತಹ ಸವೆಯುವ ಭಾಗಗಳು ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ. ಎಲೆಕ್ಟ್ರಿಕ್ ಸ್ಕೂಟರಾದರೆ ಬ್ಯಾಟರಿಯೇ ದುಬಾರಿ ಭಾಗ. ಅದರ ವಾರಂಟಿ ಎಷ್ಟು ಉಳಿದಿದೆ, ನಿಮ್ಮ ಹೆಸರಿಗೆ ಬರುತ್ತದೆಯೇ ಎಂದು ಚಾಸಿ ನಂಬರ್ ಕೊಟ್ಟು ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ವಿಚಾರಿಸಿ. ಅಂಗಡಿಯವರು 'ಮೂರು ತಿಂಗಳ ಗ್ಯಾರಂಟಿ' ಎಂದರೆ, ಯಾವ ಭಾಗಕ್ಕೆ, ಕೂಲಿಯೂ ಸೇರಿದೆಯೇ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯ ಕಾಗದಪತ್ರ. ಆರ್‌ಸಿಯಲ್ಲಿರುವ ಎಂಜಿನ್, ಚಾಸಿ ನಂಬರುಗಳನ್ನು ಗಾಡಿಯ ಮೇಲಿನವುಗಳೊಂದಿಗೆ ಹೋಲಿಸಿ. ಸಾಲದ ಗಾಡಿಯಾದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಫಾರಂ 35 ಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಕೊಡಿ. ಅಪಘಾತವಾದಾಗ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಹೆಸರು ಬದಲಾವಣೆ ಮಾರಿದವರಿಗೂ ಅಷ್ಟೇ ಅಗತ್ಯ. 'ಆಮೇಲೆ ಮಾಡಿಸಿಕೊಳ್ಳಿ' ಎನ್ನುವವರಿಂದ ದೂರವಿರಿ.

ಪಿಯುಸಿ ಮಕ್ಕಳ ಪೋಷಕರಿಗೆ ಒಂದು ಮಾತು. ಮಾರುಕಟ್ಟೆಯಲ್ಲಿರುವ 100, 125 ಸಿಸಿ ಸ್ಕೂಟರ್‌ಗಳಿಗೆ 18 ತುಂಬದೆ ಲೈಸೆನ್ಸ್ ಇಲ್ಲ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ 25,000 ರೂಪಾಯಿ ದಂಡದ ಜೊತೆಗೆ 3 ವರ್ಷದವರೆಗೆ ಜೈಲೂ ಆಗಬಹುದು.

ವ್ಯಾಪಾರ ಕುದುರಿದರೆ ಪೂರ್ತಿ ಹಣ ಒಮ್ಮೆಗೇ ಕೊಡಬೇಡಿ. ಸ್ವಲ್ಪ ಬಾಕಿ ಉಳಿಸಿಕೊಂಡು, ಆರ್‌ಸಿಯಲ್ಲಿ ನಿಮ್ಮ ಹೆಸರು ಬಂದ ದಿನ ಕೊಡುವುದಾಗಿ ಬರೆದುಕೊಳ್ಳಿ. ಮಕ್ಕಳ ಕೈಗೆ ಬೀಗದ ಕೈ ಕೊಡುವುದೂ ಆ ದಿನವೇ ಆಗಲಿ.